ಶಾಲೆಯ ಮುಂದೆ ನಿಲ್ಲದ ದೋಣಿ

ಇಂಗ್ಲೆಂಡಿನ ನಡುಭಾಗದಲ್ಲಿ ನಾರ್ಥಾಂಪ್ಟನ್‌ಷೈರ್ ಎಂಬ ಪ್ರಾಂತವಿದೆ. ಅಲ್ಲಿನ ಸ್ಟೋಕ್ ಬ್ರೂಯರ್ನ್ ಸುಮಾರು ನಾನ್ನೂರು ಜನವಸತಿಯ ಒಂದು ಹಳ್ಳಿ. ದಿಬ್ಬದ ಮೇಲೆ ಹಳೆಯ ಕಲ್ಲಿನ ಚರ್ಚು, ಕೆಳಗೆ ಹುಲ್ಲಿನ ಸೂರಿನ ಕೆಲವು ಕಟ್ಟಡಗಳು, ಇವುಗಳ ನಡುವೆ ಊರನ್ನು ಎರಡು ಭಾಗ ಮಾಡಿ ಹರಿಯುವ ಒಂದು ಕಾಲುವೆ. ಬೆಳೆಗೆ ನೀರುಣಿಸಲು ತೋಡಿದ ಕಾಲುವೆ ಇದಲ್ಲ. ಕಲ್ಲಿದ್ದಲು, ಧಾನ್ಯ, ಕಬ್ಬಿಣ, ಮರ ಮುಂತಾದ ಸರಕನ್ನು ಸಾಗಿಸಲೆಂದೇ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೋಡಿದ ನೀರಿನ ಹೆದ್ದಾರಿ.

ಬೇಸಿಗೆಯ ಒಂದು ಭಾನುವಾರ ಈ ಊರಿಗೆ ಹೋದವರಿಗೆ ಕಾಣುವುದು ಬಣ್ಣಬಣ್ಣದ ಉದ್ದನೆಯ ದೋಣಿಗಳು, ದಂಡೆಯಲ್ಲಿ ಬಾತುಕೋಳಿಗಳಿಗೆ ಕಾಳು ಹಾಕುವ ಮಕ್ಕಳು, ಛತ್ರಿಯ ಕೆಳಗೆ ಕುಳಿತು ಊಟ ಮಾಡುವ ಪ್ರವಾಸಿಗಳು. ಎಲ್ಲವೂ ಕ್ಯಾಲೆಂಡರಿನ ಚಿತ್ರದಂತೆ. ಆದರೆ ಇದೇ ದಂಡೆಯ ಮೇಲೆ ನೂರೈವತ್ತು ವರ್ಷಗಳ ಕಾಲ ಸಾವಿರಾರು ಮಕ್ಕಳು ದೋಣಿಯೊಡನೆ ಹಾದುಹೋದರು. ಅವರಲ್ಲಿ ಬಹಳಷ್ಟು ಮಂದಿಗೆ ದಂಡೆಯ ಮೇಲಿನ ಫಲಕದಲ್ಲಿ ಬರೆದಿದ್ದ ಊರಿನ ಹೆಸರನ್ನು ಓದಲು ಬರುತ್ತಿರಲಿಲ್ಲ.

ನೀರಿನ ಮೆಟ್ಟಿಲು

ಇಂಗ್ಲೆಂಡಿನ ಕಾಲುವೆಗಳ ಯುಗ ಆರಂಭವಾದದ್ದು 1761ರಲ್ಲಿ, ಮ್ಯಾಂಚೆಸ್ಟರಿನ ಬಳಿಯ ಬ್ರಿಡ್ಜ್‌ವಾಟರ್ ಕಾಲುವೆಯಿಂದ ಎನ್ನುವುದು ರೂಢಿ. ಕಲ್ಲಿದ್ದಲನ್ನು ಹೇರು ಕುದುರೆಗಳ ಬೆನ್ನಿನಿಂದ ಇಳಿಸಿ ದೋಣಿಗೆ ತುಂಬಿದೊಡನೆ ಪೇಟೆಯಲ್ಲಿ ಅದರ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಕಾರಣ ಸರಳ. ರಸ್ತೆಯ ಮೇಲೆ ಒಂದೆರಡು ಟನ್ ಎಳೆಯಲು ಏದುಸಿರು ಬಿಡುವ ಕುದುರೆ, ನಿಂತ ನೀರಿನ ಮೇಲೆ ತೇಲುವ 25 ಟನ್ ಭಾರವನ್ನು ನಿಧಾನವಾಗಿ ಎಳೆದುಕೊಂಡು ಹೋಗಬಲ್ಲದು. ಆ ಕಾಲುವೆಯ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲೆಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಲೆಕ್ಕವನ್ನೆಲ್ಲ ಆತ ತಲೆಯಲ್ಲೇ ಹಾಕುತ್ತಿದ್ದ.

ಸ್ಟೋಕ್ ಬ್ರೂಯರ್ನ್ ಮೂಲಕ ಹಾಯುವುದು ಗ್ರ್ಯಾಂಡ್ ಜಂಕ್ಷನ್ ಕಾಲುವೆ. 1793ರಲ್ಲಿ ಪಾರ್ಲಿಮೆಂಟು ಇದಕ್ಕೆ ಒಪ್ಪಿಗೆ ನೀಡಿತು. ಮಧ್ಯ ಇಂಗ್ಲೆಂಡಿನ ಬ್ರಾನ್‌ಸ್ಟನ್ನಿನಿಂದ ಲಂಡನ್ ಬಳಿಯ ಬ್ರೆಂಟ್‌ಫರ್ಡ್‌ವರೆಗೆ ಇದರ ಉದ್ದ ಸುಮಾರು 150 ಕಿಲೋಮೀಟರ್. 1929ರಲ್ಲಿ ಬೇರೆ ಕಾಲುವೆಗಳೊಡನೆ ಸೇರಿ ಇದು ಗ್ರ್ಯಾಂಡ್ ಯೂನಿಯನ್ ಎಂಬ ಹೊಸ ಹೆಸರು ಪಡೆಯಿತು.

ಈ ಹಳ್ಳಿಯಲ್ಲಿ ಕಾಲುವೆ ಸುಮಾರು 17 ಮೀಟರ್ ಇಳಿಯಬೇಕು. ನೀರು ಇಳಿಜಾರಿನಲ್ಲಿ ಹರಿದರೆ ದೋಣಿ ಕೊಚ್ಚಿಹೋಗುತ್ತದೆ. ಆದ್ದರಿಂದ ಇಲ್ಲಿ ಏಳು ‘ಲಾಕ್’ಗಳಿವೆ. ಲಾಕ್ ಎಂದರೆ ಎರಡು ತುದಿಗಳಲ್ಲಿ ಭಾರಿ ಬಾಗಿಲುಗಳಿರುವ ಕಲ್ಲಿನ ತೊಟ್ಟಿ. ಮೇಲಿನಿಂದ ಬಂದ ದೋಣಿ ನೀರು ತುಂಬಿದ ತೊಟ್ಟಿಯೊಳಗೆ ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ಕಿಂಡಿಯನ್ನು ಕಬ್ಬಿಣದ ಹಿಡಿಕೆಯಿಂದ ತಿರುಗಿಸಿ ತೆರೆದರೆ ತೊಟ್ಟಿಯ ನೀರು ಕೆಳಗೆ ಹರಿದುಹೋಗುತ್ತದೆ. ನೀರಿನೊಂದಿಗೆ ದೋಣಿಯೂ ಇಳಿಯುತ್ತದೆ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟಕ್ಕೆ ಬಂದಾಗ ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನುಕೊಟ್ಟು ತಳ್ಳಿದರೆ ಸಾಕು, ಅದು ತೆರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಹತ್ತು ಜನ ತಳ್ಳಿದರೂ ಅಲುಗಾಡದು. ನೀರಿನ ಒತ್ತಡವೇ ಅದರ ಚಿಲಕ. ವಿದ್ಯುತ್ತಿಲ್ಲ, ಯಂತ್ರವಿಲ್ಲ. ಒಂದು ಸಲ ತೊಟ್ಟಿ ಬರಿದಾದರೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗೆ ಹೋಗುತ್ತದೆ. ಆದ್ದರಿಂದಲೇ ಎರಡು ದೋಣಿಗಳು ಜೊತೆಯಾಗಿ ಇಳಿಯುವುದು ಜಾಣತನ.

ಏಳು ಲಾಕ್‌ಗಳನ್ನು ದಾಟಲು ಗಂಟೆಯ ಮೇಲೆ ಬೇಕು. ಅಷ್ಟು ಹೊತ್ತು ದೋಣಿಯವರು ಈ ಊರಿನಲ್ಲಿ ಇರಲೇಬೇಕಾಗಿತ್ತು. ಊರಿನ ಸೌಕರ್ಯಗಳೆಲ್ಲ ಹುಟ್ಟಿದ್ದು ಈ ಕಾಯುವಿಕೆಯಿಂದ. ಕುದುರೆಗಳಿಗೆ ಲಾಯ, ಹಗ್ಗದ ಅಂಗಡಿ, ಹಿಟ್ಟಿನ ಗಿರಣಿ, ಊಟ-ಪಾನೀಯಕ್ಕೆ ‘ಬೋಟ್ ಇನ್’ ಎಂಬ ವಸತಿಗೃಹ ಇವೆಲ್ಲ ಬಂದವು. ಆ ವಸತಿಗೃಹವನ್ನು 1877ರಿಂದ ಒಂದೇ ಮನೆತನದವರು ತಲೆಮಾರುಗಳ ಕಾಲ ನಡೆಸಿಕೊಂಡು ಬಂದರು.

ಬೆಟ್ಟದ ಹೊಟ್ಟೆಯೊಳಗೆ

ಊರು ದಾಟಿ ಅರ್ಧ ಮೈಲಿ ಹೋದರೆ ಕಾಲುವೆ ಬೆಟ್ಟದೊಳಗೆ ನುಗ್ಗುತ್ತದೆ. ಇದು ಬ್ಲಿಸ್‌ವರ್ತ್ ಸುರಂಗ. ಉದ್ದ 2,813 ಮೀಟರ್. ಮೊದಲ ಪ್ರಯತ್ನದಲ್ಲಿ ನೀರು ನುಗ್ಗಿ ಕೆಲಸ ಹಾಳಾಯಿತು. ಮತ್ತೆ ಹೊಸದಾಗಿ ತೋಡಬೇಕಾಯಿತು. ಉಳಿದ ಕಾಲುವೆಯೆಲ್ಲ ಸಿದ್ಧವಾಗಿ ಸುರಂಗ ಮಾತ್ರ ಬಾಕಿ ಉಳಿದಾಗ, ಬೆಟ್ಟದ ಮೇಲೆ ಹಳಿ ಹಾಸಿ, ಕುದುರೆ ಬಂಡಿಗಳಲ್ಲಿ ಸರಕನ್ನು ಅತ್ತಿಂದಿತ್ತ ದಾಟಿಸುತ್ತಿದ್ದರು. 1805ರ ಮಾರ್ಚಿನಲ್ಲಿ ಸುರಂಗ ತೆರೆಯಿತು.

ಸುರಂಗದಲ್ಲಿ ಕುದುರೆ ನಡೆಯಲು ಕಾಲುದಾರಿ ಇಲ್ಲ. ದೋಣಿ ಮುಂದೆ ಹೋಗುವುದು ಹೇಗೆ? ದೋಣಿಯ ಮೂತಿಗೆ ಅಡ್ಡಲಾಗಿ ಹಲಗೆ ಹಾಕಿ, ಇಬ್ಬರು ಗಂಡಾಳುಗಳು ಅದರ ಮೇಲೆ ಅಂಗಾತ ಮಲಗಿ, ಎರಡೂ ಬದಿಯ ಗೋಡೆಗಳ ಮೇಲೆ ಕಾಲಿನಿಂದ ‘ನಡೆಯುತ್ತ’ ದೋಣಿಯನ್ನು ತಳ್ಳಬೇಕಿತ್ತು. ಕಗ್ಗತ್ತಲೆ, ತಲೆಯ ಮೇಲೆ ಒಸರುವ ನೀರು, ಗಂಟೆಗಟ್ಟಲೆ ಇದೇ ಕೆಲಸ. ಇದನ್ನೇ ವೃತ್ತಿ ಮಾಡಿಕೊಂಡ ಕೂಲಿಗಳು ಸುರಂಗದ ಬಾಯಿಯ ಬಳಿ ಗುಡಿಸಲಿನಲ್ಲಿ ಕಾಯುತ್ತಿದ್ದರು. ಅಷ್ಟರಲ್ಲಿ ಕುದುರೆಯನ್ನು ಬೆಟ್ಟದ ಮೇಲಿನ ದಾರಿಯಲ್ಲಿ ಆ ಬದಿಗೆ ನಡೆಸಿಕೊಂಡು ಹೋಗಬೇಕು. ಈ ಕೆಲಸ ಹೆಚ್ಚಾಗಿ ಬೀಳುತ್ತಿದ್ದುದು ದೋಣಿಯ ಮಕ್ಕಳ ಮೇಲೆ. 1871ರಲ್ಲಿ ದೋಣಿಗಳನ್ನು ಎಳೆಯಲು ಉಗಿಯಂತ್ರದ ಟಗ್ ಬಂತು. ಅದು 1936ರವರೆಗೆ ಓಡಿತು. ಇಂದು ಎಂಜಿನ್ ದೋಣಿಗೆ ಈ ಸುರಂಗ ಅರ್ಧ ಗಂಟೆಯ ದಾರಿ.

ತೇಲುವ ಮನೆ

1838ರಲ್ಲಿ ಲಂಡನ್‌-ಬರ್ಮಿಂಗ್‌ಹ್ಯಾಂ ರೈಲುಮಾರ್ಗ ಪೂರ್ತಿಯಾಯಿತು. ಅದು ಸ್ಟೋಕ್ ಬ್ರೂಯರ್ನಿಗೆ ಕೆಲವೇ ಮೈಲಿ ದೂರದಲ್ಲಿ, ಬ್ಲಿಸ್‌ವರ್ತ್ ಬಳಿ ಬೆಟ್ಟವನ್ನೇ ಸೀಳಿಕೊಂಡು ಹೋಯಿತು. ರೈಲಿನೊಡನೆ ಪೈಪೋಟಿ ನಡೆಸಲು ಕಾಲುವೆಯ ಕಂಪೆನಿಗಳು ಸಾಗಣೆ ದರ ಇಳಿಸಿದವು. ದರ ಇಳಿದರೆ ದೋಣಿಯವನ ಸಂಪಾದನೆಯೂ ಇಳಿಯುತ್ತದೆ. ನೆಲದ ಮೇಲೊಂದು ಬಾಡಿಗೆ ಮನೆ, ದೋಣಿಯ ಮೇಲೊಬ್ಬ ಕೂಲಿಯಾಳು ಎರಡನ್ನೂ ನಿಭಾಯಿಸುವುದು ಅನೇಕರಿಗೆ ಆಗಲಿಲ್ಲ. ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಹೆಂಡತಿ ಚುಕ್ಕಾಣಿ ಹಿಡಿದಳು. ಮಕ್ಕಳು ಕುದುರೆ ಹಿಡಿದರು. ಕೂಲಿ ಉಳಿಯಿತು.

ದೋಣಿ ಸುಮಾರು 70 ಅಡಿ ಉದ್ದ, ಏಳು ಅಡಿ ಅಗಲ. ಆದರೆ ಬಹುಪಾಲು ಜಾಗ ಸರಕಿಗೆ. ಸಂಸಾರಕ್ಕೆ ಸಿಗುತ್ತಿದ್ದುದು ಹಿಂಬದಿಯ ಹತ್ತಡಿಯಷ್ಟು ಉದ್ದದ ಕೋಣೆ. ಅದರಲ್ಲೇ ಕಲ್ಲಿದ್ದಲ ಒಲೆ, ಬೀರುವಿನ ಬಾಗಿಲನ್ನೇ ಮಡಚಿ ಇಳಿಸಿದರೆ ಊಟದ ಮೇಜು, ಇನ್ನೊಂದನ್ನು ಇಳಿಸಿದರೆ ಹಾಸಿಗೆ. ತಂದೆ, ತಾಯಿ, ಮೂರು ನಾಲ್ಕು ಮಕ್ಕಳು. ಕೈಕೂಸು ನೀರಿಗೆ ಬೀಳದಂತೆ ಅದರ ನಡುವಿಗೆ ಹಗ್ಗ ಕಟ್ಟಿ ಕೋಣೆಯ ಮೇಲಿನ ಹೊಗೆಕೊಳವೆಗೆ ಬಿಗಿಯುತ್ತಿದ್ದರು. ಇಷ್ಟು ಇಕ್ಕಟ್ಟಿನಲ್ಲೂ ನೀರಿನ ಕೊಡಕ್ಕೆ, ಬಾಗಿಲಿಗೆ ಗುಲಾಬಿ ಹೂವು, ಕೋಟೆ ಕೊತ್ತಳದ ಚಿತ್ರ ಬರೆದು ಮನೆಯನ್ನು ಅಂದವಾಗಿಟ್ಟುಕೊಳ್ಳುತ್ತಿದ್ದರು. ಹಿತ್ತಾಳೆಯ ಗುಬುಟುಗಳು ಫಳಫಳ ಹೊಳೆಯುತ್ತಿದ್ದವು.

ನಡೆಯಲು ಕಲಿತ ಮಗುವಿಗೆ ಕೆಲಸವಿತ್ತು. ಮುಂದೆ ಓಡಿ ಲಾಕ್ ಸಿದ್ಧಪಡಿಸುವುದು, ಕುದುರೆಯ ಹಿಂದೆ ನಡೆಯುವುದು, ಸ್ಟೂಲಿನ ಮೇಲೆ ನಿಂತು ಚುಕ್ಕಾಣಿ ಹಿಡಿಯುವುದು. ಎಂಟು ಹತ್ತು ವರ್ಷದ ಮಕ್ಕಳು ಈ ವಿದ್ಯೆಯಲ್ಲಿ ಪಳಗಿದವರೇ. ಅವರಿಗೆ ಸೇತುವೆಗಳ ಆಕಾರ ಗೊತ್ತು, ತಿರುವುಗಳ ಆಳ ಗೊತ್ತು, ಗಾಳಿಯ ದಿಕ್ಕು ಗೊತ್ತು. ಅಕ್ಷರ ಗೊತ್ತಿಲ್ಲ.

ಎಲ್ಲೆಲ್ಲೂ ಮೊದಲ ಪಾಠ

ಈ ಮಕ್ಕಳ ಪರವಾಗಿ ಗಟ್ಟಿಯಾಗಿ ಕೂಗಿದವನು ಜಾರ್ಜ್ ಸ್ಮಿತ್. ಬಾಲ್ಯದಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿದವನು. ಮೊದಲು ಇಟ್ಟಿಗೆ ಗೂಡಿನ ಮಕ್ಕಳಿಗಾಗಿ ಹೋರಾಡಿ, ಆಮೇಲೆ ದೋಣಿಯ ಮಕ್ಕಳತ್ತ ತಿರುಗಿದ. ಇವನ ಒತ್ತಾಯದಿಂದ 1877ರಲ್ಲಿ, ಮತ್ತೆ 1884ರಲ್ಲಿ ಕಾಲುವೆ ದೋಣಿಗಳ ಕಾಯ್ದೆಗಳು ಬಂದವು. ಒಂದೊಂದು ದೋಣಿಯೂ ನೋಂದಣಿಯಾಗಬೇಕು, ಒಂದು ಕೋಣೆಯಲ್ಲಿ ಇಷ್ಟೇ ಜನ ಇರಬೇಕು, ಅಧಿಕಾರಿಗಳು ಬಂದು ತಪಾಸಣೆ ಮಾಡಬೇಕು, ಮಕ್ಕಳು ಶಾಲೆಗೆ ಹೋಗಬೇಕು.

ಕೊನೆಯ ಮಾತು ಕಾಗದದ ಮೇಲೆ ಚೆನ್ನಾಗಿತ್ತು. 1880ರಿಂದ ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಣವೇ ಕಡ್ಡಾಯವಾಯಿತು. ಆದರೆ ಶಾಲೆ ನಿಂತಲ್ಲೇ ನಿಂತಿರುತ್ತದೆ, ದೋಣಿ ನಿಲ್ಲುವುದಿಲ್ಲ. ದೋಣಿಯವನಿಗೆ ದಿನಗೂಲಿಯಲ್ಲ, ಸಾಗಿಸಿದ ಸರಕಿನ ಲೆಕ್ಕದಲ್ಲಿ ಹಣ. ಮಗುವಿನ ಪಾಠಕ್ಕೆಂದು ಒಂದು ದಿನ ದೋಣಿ ಕಟ್ಟಿಹಾಕಿದರೆ ಆ ದಿನದ ಅನ್ನಕ್ಕೆ ಕೊರತೆ. ಸರಕು ಇಳಿಸುವ ಊರಿನಲ್ಲಿ ಅರ್ಧ ದಿನವೋ ಒಂದು ದಿನವೋ ಬಿಡುವು ಸಿಕ್ಕರೆ ಮಗು ಅಲ್ಲಿನ ಶಾಲೆಗೆ ಹೋಗಬಹುದಿತ್ತು. ಗುರುತು ಪರಿಚಯವಿಲ್ಲದ ತರಗತಿ. ಹತ್ತು ವರ್ಷದ ಹುಡುಗನನ್ನು ಐದು ವರ್ಷದವರ ಸಾಲಿನಲ್ಲಿ ಕೂರಿಸಬೇಕು. ಅಕ್ಷರಮಾಲೆಯ ಮೊದಲ ನಾಲ್ಕು ಅಕ್ಷರ ಕಲಿಯುವಷ್ಟರಲ್ಲಿ ದೋಣಿ ಹೊರಡುತ್ತದೆ. ಮುಂದಿನ ಊರಿನಲ್ಲೂ ಅದೇ ನಾಲ್ಕು ಅಕ್ಷರ. ಪ್ರತಿ ಊರಿನಲ್ಲೂ ಮೊದಲ ಪಾಠ, ಯಾವ ಊರಿನಲ್ಲೂ ಎರಡನೆಯ ಪಾಠವಿಲ್ಲ.

1921ರಲ್ಲಿ ಸರಕಾರದ ಸಮಿತಿಯೊಂದು, ಶಾಲೆ ನಡೆಯುವ ದಿನಗಳಲ್ಲಿ ಓದುವ ವಯಸ್ಸಿನ ಮಕ್ಕಳು ದೋಣಿಯಲ್ಲಿ ಇರಕೂಡದು ಎಂದು ಶಿಫಾರಸು ಮಾಡಿತು. ಇದು ಕಾಯ್ದೆಯಾಗಲಿಲ್ಲ. ವಿರೋಧಿಸಿದವರಲ್ಲಿ ದೋಣಿಯ ಜನರೂ ಇದ್ದರು. ಅವರನ್ನು ವಿದ್ಯೆಯ ವೈರಿಗಳೆಂದು ಜರೆಯುವುದು ಸುಲಭ. ಆದರೆ ಮಕ್ಕಳನ್ನು ದಂಡೆಯಲ್ಲಿ ಬಿಟ್ಟರೆ ಸಾಕುವವರು ಯಾರು? ತಾಯಿಯೂ ದಂಡೆಯಲ್ಲಿ ಉಳಿದರೆ ಚುಕ್ಕಾಣಿ ಹಿಡಿಯುವವರು ಯಾರು? ಓದಬೇಕಾದರೆ ತಂದೆತಾಯಿಯನ್ನು ಬಿಡು ಎಂಬ ಷರತ್ತನ್ನು ಯಾವ ಮಗುವೂ ಸುಲಭವಾಗಿ ಒಪ್ಪಲಾರದು.

ಆದ್ದರಿಂದ ಕೆಲವರು ಶಾಲೆಯನ್ನೇ ನೀರಿನ ಬಳಿಗೆ ತಂದರು. ಬ್ರೆಂಟ್‌ಫರ್ಡಿನಲ್ಲಿ ದೋಣಿಯವರಿಗಾಗಿ 1904ರಲ್ಲಿ ಕಟ್ಟಿದ ಮಂದಿರದಲ್ಲಿ ಮಕ್ಕಳಿಗೆ ಪಾಠ ನಡೆಯಿತು. ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಡ್ರೇಟನ್ನಿನಲ್ಲಿ 1930ರಲ್ಲಿ ‘ಎಲ್ಸ್‌ಡೇಲ್’ ಎಂಬ ಹಳೆಯ ಸರಕುದೋಣಿಯೇ ಶಾಲೆಯಾಯಿತು. 1950ರ ದಶಕದಲ್ಲಿ ಬರ್ಮಿಂಗ್‌ಹ್ಯಾಂ ನಗರದಲ್ಲಿ ದೋಣಿ ಮಕ್ಕಳಿಗೆಂದೇ ಒಂದು ವಸತಿನಿಲಯ ತೆರೆಯಿತು. ಅಲ್ಲಿ ಉಳಿದು ಓದಿದ ಮಕ್ಕಳು ರಜೆಯಲ್ಲಿ ದೋಣಿಗೆ ಮರಳಿ, ಬಂದ ಪತ್ರಗಳನ್ನು ತಂದೆತಾಯಿಗೆ ಓದಿ ಹೇಳಬಲ್ಲವರಾದರು.

ಬಾಗಿಲು ತೆರೆದಿಟ್ಟ ದಾದಿ

ಸ್ಟೋಕ್ ಬ್ರೂಯರ್ನ್ ಹಳ್ಳಿಯಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಆದರೆ ಕಾಲುವೆಯ ದಂಡೆಯಲ್ಲೇ ಸಿಸ್ಟರ್ ಮೇರಿ ವಾರ್ಡ್ ಎಂಬ ದಾದಿಯ ಮನೆಯಿತ್ತು. ಆಕೆಯ ತಂದೆ ಅದೇ ಊರಿನಲ್ಲಿ ದೋಣಿಗಳಿಗೆ ಹಗ್ಗ ಹೊಸೆದು ಮಾರುತ್ತಿದ್ದವರು. ದೋಣಿಯ ಜನ ಆಕೆಗೆ ಗಿರಾಕಿಗಳಾಗಿ ಅಲ್ಲ, ನೆರೆಹೊರೆಯವರಾಗಿ ಪರಿಚಿತರು. ಲಾಕ್‌ನ ಬಾಗಿಲಿಗೆ ಸಿಕ್ಕಿ ಜಜ್ಜಿದ ಬೆರಳು, ಕಲ್ಲಿದ್ದಲ ಹೊಗೆಗೆ ಬಿಡದ ಕೆಮ್ಮು, ಬಸಿರು, ಬಾಣಂತನ ಯಾವುದೇ ಇದ್ದರೂ ದೋಣಿ ಆ ಮನೆಯ ಮುಂದೆ ನಿಲ್ಲುತ್ತಿತ್ತು. ಓಡುತ್ತಿರುವವರಿಗೆ ‘ನಾಳೆ ಬನ್ನಿ’ ಎಂದರೆ ‘ಬರಬೇಡಿ’ ಎಂದಂತೆಯೇ. ಹಾಗಾಗಿ ಆಕೆಯ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲೂ ತೆರೆಯುತ್ತಿತ್ತು. ಅನೇಕ ವರ್ಷಗಳ ಈ ಸೇವೆಗೆ 1951ರಲ್ಲಿ ಆಕೆಗೆ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು. 1962ರಲ್ಲಿ ನಿವೃತ್ತರಾದರು.

ಕಾಯ್ದೆ ಮಾಡಿದ ಪಾರ್ಲಿಮೆಂಟಿಗೂ ಮನೆಯ ಬಾಗಿಲು ತೆರೆದ ಈ ದಾದಿಗೂ ಇರುವ ವ್ಯತ್ಯಾಸ ಗಮನಾರ್ಹ. ಕಾಯ್ದೆಯು ಚಲಿಸುವವರನ್ನು ನಿಲ್ಲಿಸಲು ನೋಡಿತು. ದಾದಿ ಅವರು ನಿಲ್ಲುವ ಹೊತ್ತಿಗೆ ತನ್ನ ಗಡಿಯಾರವನ್ನು ಹೊಂದಿಸಿಕೊಂಡಳು.

ಸೌಕರ್ಯ ಎಂಬುದು ಕಟ್ಟಡದಿಂದಲೇ ಬರುವುದಿಲ್ಲ ಎಂಬುದಕ್ಕೆ ಇದೇ ಊರಿನಲ್ಲಿ ಇನ್ನೊಂದು ಉದಾಹರಣೆ ಇದೆ. 1892ರ ಡಿಸೆಂಬರಿನಲ್ಲಿ ಸ್ಟೋಕ್ ಬ್ರೂಯರ್ನಿಗೆ ಒಂದು ರೈಲ್ವೆ ನಿಲ್ದಾಣವೇ ಬಂತು. ಪ್ರಯಾಣಿಕರು ಬರಲಿಲ್ಲ. ನಾಲ್ಕು ತಿಂಗಳಲ್ಲಿ, 1893ರ ಮಾರ್ಚ್ ಕೊನೆಗೆ ಪ್ರಯಾಣಿಕ ರೈಲು ನಿಂತುಹೋಯಿತು. ನಿಲ್ದಾಣದ ಕಟ್ಟಡ ಮಾತ್ರ ಉಳಿಯಿತು. ಒಬ್ಬ ದಾದಿಯ ಮನೆ ಎಷ್ಟೋ ವರ್ಷ ಮಾಡಿದ ಕೆಲಸವನ್ನು ಒಂದು ನಿಲ್ದಾಣ ಒಂದು ಚಳಿಗಾಲವೂ ಮಾಡಲಾಗಲಿಲ್ಲ.

ಸರಕು ಹೋಯಿತು, ನೀರು ಉಳಿಯಿತು

1948ರಲ್ಲಿ ಕಾಲುವೆಗಳು ಸರಕಾರದ ಒಡೆತನಕ್ಕೆ ಬಂದವು. ಆ ಹೊತ್ತಿಗಾಗಲೇ ಲಾರಿಗಳು ಸರಕನ್ನು ಕಸಿದುಕೊಳ್ಳುತ್ತಿದ್ದವು. 1962-63ರ ಭೀಕರ ಚಳಿಗಾಲದಲ್ಲಿ ಕಾಲುವೆ ವಾರಗಟ್ಟಲೆ ಹೆಪ್ಪುಗಟ್ಟಿತು. ದೋಣಿಗಳು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು. ಕಾಯಲಾಗದ ಗಿರಾಕಿಗಳು ಲಾರಿಗಳತ್ತ ಹೋದರು, ಮರಳಿ ಬರಲಿಲ್ಲ. ಲಂಡನ್ ಬಳಿಯ ಸೌಥಾಲಿನ ಜ್ಯಾಮ್ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತು ಇದೇ ದಾರಿಯಲ್ಲಿ ಸಾಗುತ್ತಿದ್ದ ದೋಣಿಗಳ ಓಡಾಟ 1970ರಲ್ಲಿ ಮುಗಿಯಿತು. ದೂರದೂರಿಗೆ ನಿತ್ಯ ಸರಕು ಸಾಗಿಸುವ ದೋಣಿ ಸಂಸಾರಗಳ ಕಾಲ ಅಲ್ಲಿಗೆ ಕೊನೆಯಾಯಿತೆನ್ನಬಹುದು.

ಕಾಲುವೆಗಳು ಮುಚ್ಚಿಹೋಗದೆ ಉಳಿದದ್ದು ಜನರ ಹಟದಿಂದ. 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ತನ್ನ ದೋಣಿಪಯಣದ ಪುಸ್ತಕ ಪ್ರಕಟಿಸಿದ. 1946ರಲ್ಲಿ ರಾಬರ್ಟ್ ಐಕ್‌ಮನ್ ಜೊತೆಗೂಡಿ ಒಳನಾಡಿನ ಜಲಮಾರ್ಗಗಳ ಸಂಘ ಸ್ಥಾಪನೆಯಾಯಿತು. ಶನಿವಾರ ಭಾನುವಾರಗಳಲ್ಲಿ ಸ್ವಯಂಸೇವಕರು ಸನಿಕೆ ಹಿಡಿದು ದೇಶದ ಎಷ್ಟೋ ಕಡೆ ಹೂಳು ತೆಗೆದರು. ಸ್ಟೋಕ್ ಬ್ರೂಯರ್ನಿನ ಹಳೆಯ ಗಿರಣಿಯ ಕಟ್ಟಡದಲ್ಲಿ 1963ರಲ್ಲಿ ಕಾಲುವೆ ಮ್ಯೂಸಿಯಂ ಆರಂಭವಾಯಿತು. ಬ್ಲಿಸ್‌ವರ್ತ್ ಸುರಂಗದ ನಡುಭಾಗ ಶಿಥಿಲವಾದಾಗ ಅದನ್ನು ಮುಚ್ಚಿ, ಕಾಂಕ್ರೀಟಿನ ಉಂಗುರಗಳನ್ನು ಕೂಡಿಸಿ 1984ರಲ್ಲಿ ಮತ್ತೆ ತೆರೆದರು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿಲೋಮೀಟರ್ ಜಲಮಾರ್ಗವನ್ನು ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಎಂಬ ದತ್ತಿಸಂಸ್ಥೆ ನೋಡಿಕೊಳ್ಳುತ್ತಿದೆ. ಅದಕ್ಕೆ ಸರಕಾರ ಕೊಡುವ ಅನುದಾನ 2027ರ ಬಳಿಕ ವರ್ಷದಿಂದ ವರ್ಷಕ್ಕೆ ಇಳಿಯಲಿದೆ ಎಂದು 2023ರಲ್ಲಿ ಪ್ರಕಟವಾಯಿತು. ಇನ್ನೂರು ವರ್ಷದ ಕಲ್ಲಿನ ಕೆಲಸವನ್ನು ದುರಸ್ತಿಯಲ್ಲಿಡುವ ಹಣ ಎಲ್ಲಿಂದ ಎಂಬುದು ಈಗಿನ ಚಿಂತೆ.

ಹದಿನಾಲ್ಕು ದಿನದ ಲೆಕ್ಕ

ಕಾಲುವೆಗಳ ಮೇಲೆ ಈಗ ಸುಮಾರು 35 ಸಾವಿರ ದೋಣಿಗಳಿವೆ. ಬಹಳಷ್ಟು ರಜೆಯ ದೋಣಿಗಳು. ಆದರೆ ಮನೆಬಾಡಿಗೆ ದುಬಾರಿಯಾದ್ದರಿಂದಲೋ, ನೀರಿನ ಮೇಲಿನ ಬದುಕು ಇಷ್ಟವಾದ್ದರಿಂದಲೋ ದೋಣಿಯನ್ನೇ ಮನೆ ಮಾಡಿಕೊಂಡ ಕುಟುಂಬಗಳೂ ಇವೆ. ಇವರ ಅಗತ್ಯಗಳು ಸರಳ: ದಂಡೆಯ ಮೇಲೊಂದು ನೀರಿನ ನಲ್ಲಿ, ಶೌಚದ ತೊಟ್ಟಿ ಖಾಲಿ ಮಾಡಲು ಒಂದು ಜಾಗ, ಕಸದ ಡಬ್ಬಿ, ಚಳಿಗಾಲಕ್ಕೆ ಕಲ್ಲಿದ್ದಲು, ಡೀಸೆಲ್. ಕಲ್ಲಿದ್ದಲು, ಗ್ಯಾಸು, ಡೀಸೆಲ್ ತುಂಬಿಕೊಂಡು ಕಾಲುವೆಯುದ್ದಕ್ಕೂ ಮಾರುತ್ತ ಬರುವ ದೋಣಿಗಳೇ ಇವೆ, ತಳ್ಳುಗಾಡಿಯವನು ಬೀದಿಗೆ ಬಂದಂತೆ. ಖಾಯಂ ವಿಳಾಸ ಇಲ್ಲದವರೂ ವೈದ್ಯರ ಬಳಿ ಹೆಸರು ನೋಂದಾಯಿಸಿಕೊಳ್ಳಲು ಇಂಗ್ಲೆಂಡಿನ ಆರೋಗ್ಯಸೇವೆಯಲ್ಲಿ ಅವಕಾಶವಿದೆ.

ಆದರೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿದೆ. 1995ರ ಕಾಯ್ದೆಯಂತೆ, ಒಂದೆಡೆ ಖಾಯಂ ನಿಲ್ದಾಣದ ಜಾಗ ಪಡೆಯದ ದೋಣಿಗಳು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ದಂಡೆಯ ಜಾಗ ಎಲ್ಲರಿಗೂ ಸಿಗಲಿ ಎಂಬುದು ಇದರ ಉದ್ದೇಶ. ಆದರೆ ಶಾಲೆಗೆ ಹೋಗುವ ಮಗುವಿರುವ ಮನೆಗೆ ಹದಿನಾಲ್ಕು ದಿನ ಎಂದರೆ ಎಷ್ಟು? ಮನೆ ಮುಂದೆ ಮುಂದೆ ಸರಿದಂತೆ ಶಾಲೆ ಹಿಂದೆ ಹಿಂದೆ ಉಳಿಯುತ್ತದೆ. ಇಂದಿನ ತಂದೆತಾಯಿಗಳಿಗೆ ಸೈಕಲ್ಲು, ಬಸ್ಸು, ಕಾರು ಇದೆ, ನಿಯಮದಲ್ಲಿ ಸಡಿಲಿಕೆ ಕೇಳುವ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಬರೆಯಲು ಅವರಿಗೆ ಅಕ್ಷರ ಬರುತ್ತದೆ. ಹಿಂದಿನವರಿಗೆ ಇಲ್ಲದಿದ್ದುದು ಇದೇ.

ಸ್ಟೋಕ್ ಬ್ರೂಯರ್ನಿನಲ್ಲಿ ಒಂದು ಪುಟ್ಟ ಪ್ರಾಥಮಿಕ ಶಾಲೆ ಇದೆ. ದೊಡ್ಡ ತರಗತಿಗೆ ಬಂದ ಮಕ್ಕಳು ಹತ್ತಿರದ ಟೌಸ್ಟರ್ ಪಟ್ಟಣದಂಥ ಊರುಗಳಿಗೆ ಹೋಗಬೇಕು. ಮ್ಯೂಸಿಯಂ ನೋಡಲು ದೂರದ ಶಾಲೆಗಳ ಮಕ್ಕಳೂ ಗುಂಪುಗೂಡಿ ಬರುತ್ತಾರೆ. ಒಂದು ದೋಣಿ ಸಂಸಾರದ ಕೋಣೆ ಎಷ್ಟು ಚಿಕ್ಕದು ಎಂಬುದನ್ನು ಅವರು ಅಲ್ಲಿ ಇಣುಕಿ ನೋಡಬಹುದು. ಒಲೆ, ಹಾಸಿಗೆ, ಚಿತ್ರ ಬರೆದ ನೀರಿನ ಕೊಡ, ಹಿತ್ತಾಳೆಯ ಗುಬುಟು ಎಲ್ಲ ಸಿಗುತ್ತವೆ. ಆ ಕೋಣೆಯಲ್ಲಿ ಪುಸ್ತಕದ ಕಪಾಟು ಮಾತ್ರ ಇರುತ್ತಿರಲಿಲ್ಲ. ಒಂದು ದೇಶದ ಕಾರ್ಖಾನೆಗಳಿಗೆಲ್ಲ ಕಲ್ಲಿದ್ದಲು ಹೊತ್ತ ದಾರಿ, ತನ್ನ ಮಕ್ಕಳನ್ನು ದಂಡೆಯ ಮೇಲಿನ ಶಾಲೆಯವರೆಗೆ ಹೊರಲಾರದೆ ಹೋಯಿತು. ಆ ನಾಲ್ಕು ಹೆಜ್ಜೆ ದೂರವನ್ನು ದಾಟಿಸಲು ಎಂಜಿನಿಯರು ಸಾಲುವುದಿಲ್ಲ. ದೋಣಿ ಬರುವ ಹೊತ್ತಿಗೆ ಬಾಗಿಲು ತೆರೆಯುವ ಒಬ್ಬರು ಊರಿನಲ್ಲಿ ಇರಬೇಕು.